ಆಯಿಲ್ ಬದಲಿಸುತ್ತೇವೆ, ನೋಡುವುದಿಲ್ಲ

ನಮ್ಮಲ್ಲಿ ಬೈಕಿನ ಇಂಜಿನ್ ಆಯಿಲ್ ಬದಲಿಸುವವರು ಬೇಕಾದಷ್ಟಿದ್ದಾರೆ, ನೋಡುವವರು ಕಡಿಮೆ. ಎರಡು ಮೂರು ಸಾವಿರ ಕಿಲೋಮೀಟರ್ ಓಡಿತೆಂದರೆ ಗ್ಯಾರೇಜಿಗೆ ಹೋಗಿ 'ಆಯಿಲ್ ಚೇಂಜ್ ಮಾಡಿಬಿಡಿ' ಅನ್ನುತ್ತೇವೆ. ಡ್ರೈನ್ ಬೋಲ್ಟ್ ಬಿಚ್ಚುತ್ತಾರೆ, ಕಪ್ಪು ಆಯಿಲ್ ಇಳಿಯುತ್ತದೆ, 900 ಎಂಎಲ್ ಡಬ್ಬಿ ಪೂರ್ತಿ ಸುರಿದು ಮುಚ್ಚಳ ತಿರುಗಿಸುತ್ತಾರೆ. ಆ ಮುಚ್ಚಳದ ಅಡಿಯಲ್ಲೇ ಅಳತೆ ಕಡ್ಡಿ ಇದೆ. ಅದನ್ನು ಒರೆಸಿ, ಅದ್ದಿ, ಬೆಳಕಿಗೆ ಹಿಡಿಯುವ ಕೆಲಸ ಮಾತ್ರ ನಡೆಯುವುದಿಲ್ಲ. ಅಲ್ಲಿಂದ ಮುಂದಿನ ಸರ್ವಿಸ್‌ವರೆಗೆ ಒಳಗೆ ಎಷ್ಟು ಉಳಿದಿದೆ ಎಂದು ಯಾರೂ ಕೇಳುವುದೂ ಇಲ್ಲ. ಈ ರೂಢಿ ತಪ್ಪು, ಅದರ ದಂಡ ತೆರುವವರು ಬೈಕನ್ನೇ ನಂಬಿ ದುಡಿಯುವವರು.

ಸ್ಪ್ಲೆಂಡರ್‌ನಂಥ ನೂರು ಸಿಸಿ ಗಾಡಿಯಲ್ಲಿರುವುದು ಒಂದು ಲೀಟರಿಗೂ ಕಡಿಮೆ ಆಯಿಲ್. ಕಾರಿನಲ್ಲಿ ಮೂರು ನಾಲ್ಕು ಲೀಟರ್ ಇರುತ್ತದೆ. ಅಲ್ಲಿ 200 ಎಂಎಲ್ ಸುಟ್ಟುಹೋದರೆ ದೊಡ್ಡ ಸಂಗತಿಯಲ್ಲ. ಇಲ್ಲಿ ಅದು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ಪಿಸ್ಟನ್, ಕ್ಯಾಮ್, ಗೇರು, ಕ್ಲಚ್ ಪ್ಲೇಟು ಎಲ್ಲವೂ ಇದೊಂದೇ ಆಯಿಲ್‌ನಲ್ಲಿ ಓಡಬೇಕು, ಗಾಳಿಯಲ್ಲೇ ತಣಿಯುವ ಇಂಜಿನ್ನಿನ ಬಿಸಿಯನ್ನು ಹೊರುವುದರಲ್ಲೂ ಇದರದೇ ದೊಡ್ಡ ಪಾಲು. ಅಳತೆ ಇಳಿದಷ್ಟೂ ಉಳಿದದ್ದು ಹೆಚ್ಚು ಕಾಯುತ್ತದೆ. ತೀರಾ ಇಳಿದರೆ ಏರು ರಸ್ತೆಯಲ್ಲಿ ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ. ಮೊದಲು ಹೆಡ್ಡಿನಿಂದ ಟಕಟಕ ಸದ್ದು, ಆಮೇಲೆ ಇಂಜಿನ್ ಬೋರ್‌ಗೆ ಬರುತ್ತದೆ.

ಈ ಮರೆವು ಮೊದಲಿನಿಂದ ಇದ್ದದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರು ಪೆಟ್ರೋಲ್ ಹಾಕಿಸುವಾಗಲೆಲ್ಲ ಅದಕ್ಕೆ ಟೂಟಿ ಆಯಿಲ್ ಅಳೆದು ಬೆರೆಸಬೇಕಿತ್ತು. ಮರೆತರೆ ಪಿಸ್ಟನ್ ದಾರಿಯಲ್ಲೇ ಹಿಡಿದುಕೊಳ್ಳುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಆ ತಾಪತ್ರಯ ತಪ್ಪಿತು. ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬರ್ಥದ ಅದರ ಜಾಹೀರಾತು ಹೇಳಿದ್ದು ಪೆಟ್ರೋಲಿನ ವಿಷಯ, ಮೈಲೇಜಿನ ವಿಷಯ. ನಾವು ಆಯಿಲನ್ನೂ ಮರೆತೆವು.

ಮೆಕ್ಯಾನಿಕ್ಕುಗಳ ಪರೀಕ್ಷೆಯೂ ಒಂದಿದೆ: ತೊಟ್ಟು ಆಯಿಲನ್ನು ಬೆರಳಲ್ಲಿ ಉಜ್ಜಿ 'ಕರ್ರಗಾಗಿದೆ, ಬದಲಿಸಿ' ಅನ್ನುವುದು. ಅಗುಳು ಹಿಚುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ, ಪಾತ್ರೆಯಲ್ಲಿ ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಬಣ್ಣದ ಮಾತೂ ಪೂರ್ತಿ ಸರಿಯಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ಇಂಜಿನ್ನಿಗೆ ಅಂಟದಂತೆ ನೋಡಿಕೊಳ್ಳುವುದೇ ಆಯಿಲ್‌ನ ಕೆಲಸ, ಕಪ್ಪಾಗುವುದು ಸಹಜ. ಹೆದರಬೇಕಾದ ಬಣ್ಣ ಹಾಲು ಬೆರೆಸಿದ ಕಾಫಿಯದು. ಅದು ನೀರು ಸೇರಿದ ಗುರುತು. ಮಲೆನಾಡಿನ ಮಳೆಗಾಲದಲ್ಲಿ, ಇಂಜಿನ್ ಕಾಯುವ ಮೊದಲೇ ಮುಗಿದುಹೋಗುವ ಸಣ್ಣ ಓಡಾಟದ ಗಾಡಿಗಳಲ್ಲಿ ಇದು ಕಾಣುವುದುಂಟು.

ಇನ್ನು ನೋಡುವವರಲ್ಲೂ ಹಲವರು ತಪ್ಪಾಗಿ ನೋಡುತ್ತಾರೆ. ಹೀರೋ, ಹೋಂಡಾ ಬೈಕುಗಳಲ್ಲಿ ಕಡ್ಡಿಯನ್ನು ಒರೆಸಿ ತೂತಿನೊಳಗೆ ಸುಮ್ಮನೆ ಇಳಿಬಿಡಬೇಕು, ಮರೆ ತಿರುಗಿಸಬಾರದು. ತಿರುಗಿಸಿದರೆ ಆ ಮರೆಯ ಉದ್ದದಷ್ಟು ಕಡ್ಡಿ ಒಳಗಿಳಿದು, ಇಲ್ಲದ ಆಯಿಲ್ ಇದ್ದಂತೆ ತೋರಿಸುತ್ತದೆ. ಗಾಡಿ ಸಮನೆಲದಲ್ಲಿ ಡಬಲ್ ಸ್ಟ್ಯಾಂಡ್ ಮೇಲೆ ನಿಂತಿರಬೇಕು, ಮೂರು ನಾಲ್ಕು ನಿಮಿಷ ಸ್ಲೋ ಓಡಿ, ಆಫ್ ಮಾಡಿ ಎರಡು ಮೂರು ನಿಮಿಷ ಕಳೆದಿರಬೇಕು. ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಆಯಿಲ್ ಅಂಟಿದ್ದರೆ ಸರಿ. ಹೋಂಡಾದ ಹಳೆಯ ಕೈಪಿಡಿಗಳು ಇದನ್ನು ದಿನಾ ಗಾಡಿ ತೆಗೆಯುವ ಮುಂಚೆ ಮಾಡಿ ಅನ್ನುತ್ತವೆ. ನಮ್ಮ ಓಡಾಟಕ್ಕೆ ವಾರಕ್ಕೊಮ್ಮೆಯಾದರೂ ಸಾಕೆಂದು ನನ್ನ ಅಭಿಪ್ರಾಯ. ದಿನವಿಡೀ ಡೆಲಿವರಿಗೆ ಓಡುವ, ಹಾಲಿನ ಕ್ಯಾನು ಹೊರುವ ಗಾಡಿಗೆ ಅದೂ ಕಡಿಮೆಯೇ.

ಸೈಡ್ ಸ್ಟ್ಯಾಂಡ್ ಮೇಲೆ ನೋಡಿದರೆ ತಪ್ಪು ಇನ್ನೊಂದು ಕಡೆಗೆ. ಗಾಡಿ ಎಡಕ್ಕೆ ವಾಲಿದಾಗ ಆಯಿಲ್ ಆ ಕಡೆ ಸರಿಯುತ್ತದೆ, ಬಲಬದಿಯ ಕಡ್ಡಿ ಕಡಿಮೆ ತೋರಿಸುತ್ತದೆ. ಆಗ ಗಾಬರಿಯಿಂದ ಸುರಿದದ್ದು ಹೆಚ್ಚಾಗುತ್ತದೆ. ಹೆಚ್ಚಿದ್ದರೆ ಒಳ್ಳೆಯದೇ ಎಂಬ ನಂಬಿಕೆ ಬೇರೆ! ಕ್ರ್ಯಾಂಕು ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಲೋಹಗಳನ್ನು ಬೇರೆಬೇರೆ ಇಡುವ ಶಕ್ತಿ ಇಲ್ಲ. ಬ್ರೀದರ್ ಪೈಪಿನಿಂದ ಉಕ್ಕಿದ್ದು ಏರ್ ಫಿಲ್ಟರ್ ನೆನೆಸುತ್ತದೆ, ಸೀಲುಗಳು ಒಸರತೊಡಗುತ್ತವೆ. ಹಳೆಯ ಕಾಸ್ಟ್ ಐರನ್ ಬುಲೆಟ್ ಈ ಮೋಸದಲ್ಲಿ ಎಲ್ಲಕ್ಕಿಂತ ಮುಂದೆ. ಅದರ ಆಯಿಲ್ ಟ್ಯಾಂಕು ಬೇರೆ, ಕ್ರ್ಯಾಂಕ್ ಇರುವ ಜಾಗ ಬೇರೆ. ವಾರಗಟ್ಟಲೆ ನಿಂತರೆ ಟ್ಯಾಂಕಿನದು ಪಂಪಿನ ಸಂದಿನಲ್ಲಿ ಕೆಳಕ್ಕೆ ಜಿನುಗುತ್ತದೆ, ಕಡ್ಡಿ ಒಣಗಿರುತ್ತದೆ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಓಡಿಸಿದರೆ ಎಲ್ಲ ಮೇಲೆ ಬರುತ್ತದೆ. ಓಡಿಸದೆ ತುಂಬಿದವರ ಗಾಡಿ ಆಯಿಲ್ ಕಕ್ಕುತ್ತದೆ.

ಹಾಕದೆಯೇ ಅಳತೆ ಏರಿದ್ದರೆ ಕಡ್ಡಿಯನ್ನು ಮೂಸಿ ನೋಡಬೇಕು. ಪೆಟ್ರೋಲ್ ವಾಸನೆ ಬಂದರೆ ಕಾರ್ಬುರೇಟರ್ ಸೋರಿ ಪೆಟ್ರೋಲ್ ಇಂಜಿನ್ನಿಗೆ ಇಳಿದಿದೆ ಎಂದರ್ಥ; ಆ ಗಾಡಿಯನ್ನು ಓಡಿಸದೆ ಅಲ್ಲೇ ರಿಪೇರಿ ಮಾಡಿಸುವುದು ಲೇಸು.

ಕಡಿಮೆಯಿದ್ದರೆ ಕೈಪಿಡಿ ಹೇಳಿದ ಗ್ರೇಡನ್ನೇ ಐವತ್ತು ನೂರು ಎಂಎಲ್‌ನಂತೆ ಹಾಕಿ ಮತ್ತೆ ಅಳೆಯಬೇಕು. ಡಬ್ಬಿಯ ಮೇಲೆ ಜಾಸೋ ಎಂಎ ಗುರುತಿರಲಿ. ಕಾರಿಗೆಂದು ಜಾರುವ ಗುಣ ಹೆಚ್ಚಿಸಿದ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ.

ಗ್ಯಾರೇಜುಗಳಿಂದ ನಾನು ಬಯಸುವುದು ಒಂದು ಸಣ್ಣ ಬದಲಾವಣೆ. ಇಳಿಸಿದ ಆಯಿಲ್ ಬೀಳುವ ಕತ್ತರಿಸಿದ ಕ್ಯಾನಿನ ಮೇಲೆ ಅಳತೆ ಗೆರೆ ಇರಲಿ. ಹೊಸದು ಎಷ್ಟು ಹೋಯಿತು ಎಂಬುದರ ಜೊತೆಗೆ ಹಳೆಯದು ಎಷ್ಟು ಬಂತು ಎಂಬುದನ್ನೂ ಬಿಲ್ಲಿನಲ್ಲಿ ಬರೆಯಲಿ. ಹಾಕಿದ 900ರಲ್ಲಿ 500 ಮಾತ್ರ ಹಿಂದಿರುಗಿದರೆ ಆ ಇಂಜಿನ್ ಆಯಿಲ್ ತಿನ್ನುತ್ತಿದೆ ಅಥವಾ ಎಲ್ಲೋ ಸೋರುತ್ತಿದೆ. ಆ ಒಂದು ಅಂಕಿ ಗೊತ್ತಿದ್ದರೆ ಮಾಲೀಕರು ಮುಂದಿನ ಸರ್ವಿಸ್‌ಗೆ ಕಾಯದೆ ನಡುವೆಯೇ ಕಡ್ಡಿ ತೆಗೆದು ನೋಡುತ್ತಾರೆ.