ಟ್ರಾನ್ಸಿಸ್ಟರಿನ ನಾಲ್ಕನೆಯ ಕಾಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಕ್ಕಳು ಎಲೆಕ್ಟ್ರಾನಿಕ್ಸ್ ಕಲಿಯಲೆಂದು ವಿಜಯಪುರಕ್ಕೆ, 1980ರಲ್ಲಿ ಪ್ರಾರಂಭವಾಗಿ ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರ ಹೆಸರನ್ನು ಹೊತ್ತಿರುವ ಇಂಜಿನಿಯರಿಂಗ್ ಕಾಲೇಜಿಗಾಗಲಿ, ದೂರದ ಇನ್ನಾವುದಾದರೂ ಕಾಲೇಜಿಗಾಗಲಿ ಹೋದಾಗ, ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲು ಕೈಗೆ ಸಿಕ್ಕುವ ಟ್ರಾನ್ಸಿಸ್ಟರಿಗೆ ಇರುವುದು ಮೂರೇ ಕಾಲು: ಎಮಿಟರ್, ಬೇಸ್, ಕಲೆಕ್ಟರ್. ಬಿಡಿ ಟ್ರಾನ್ಸಿಸ್ಟರಿನ ಮಟ್ಟಿಗೆ ಆ ಚಿತ್ರದಲ್ಲಿ ಕೊರತೆಯೇನೂ ಇಲ್ಲ. ಆರಂಭದ ಪಾಠಕ್ಕೆ ಅದಕ್ಕಿಂತ ಸುಲಭವಾದ ಸಂಕೇತವೂ ಇಲ್ಲ. ಆದರೆ ಅದೇ ಸಂಕೇತವನ್ನು ಒಂದು ಗೆರೆಯೂ ಕೂಡಿಸದೆ ಐಸಿಯ ಅಧ್ಯಾಯಕ್ಕೆ ಕೊಂಡೊಯ್ಯುವ ರೂಢಿ, ಯಾವುದೊಂದು ಕಾಲೇಜಿನದೂ ಅಲ್ಲದೆ ಪಠ್ಯಪುಸ್ತಕಗಳ ಪರಂಪರೆಯಿಂದಲೇ ಬಂದದ್ದು, ದೋಷಯುಕ್ತವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಐಸಿಯ ಸಿಲಿಕಾನ್ ಬಿಲ್ಲೆ ಸಾಮಾನ್ಯವಾಗಿ ಪಿ ಬಗೆಯದು. ಅದರ ಮೇಲೆ ಬೆಳೆಸಿದ ಎನ್ ಪದರವನ್ನು, ಮೇಲ್ಮೈಯಿಂದ ಬಿಲ್ಲೆಯವರೆಗೂ ಇಳಿದ ಪಿ ಗೋಡೆಗಳು ದ್ವೀಪಗಳನ್ನಾಗಿ ವಿಭಾಗಿಸುತ್ತವೆ. ಒಂದೊಂದು ದ್ವೀಪವೂ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರಿನ ಕಲೆಕ್ಟರು. ಸ್ಪ್ರೇಗ್ ಕಂಪನಿಯ ಕುರ್ಟ್ ಲೆಹೋವೆಕ್ 1959ರಲ್ಲಿ ಅರ್ಜಿ ಸಲ್ಲಿಸಿ 1962ರಲ್ಲಿ ಪೇಟೆಂಟ್ ಪಡೆದ ಪಿಎನ್ ಸಂಧಿಯಿಂದ ಪ್ರತ್ಯೇಕಿಸುವ ವಿಧಾನದ ಸಾರವಿದು. ಬದು ಹಾಕಿ ಹೊಲಗಳನ್ನು ಬೇರ್ಪಡಿಸಿದರೂ ಅಡಿಯ ಎರೆಮಣ್ಣು ಎಲ್ಲಕ್ಕೂ ಒಂದೇ ಆಗಿರುವಂತೆ, ಈ ದ್ವೀಪಗಳೆಲ್ಲಕ್ಕೂ ಬಿಲ್ಲೆಯೊಂದೇ ಅಡಿಪಾಯ. ಅದೇ ಸಬ್‌ಸ್ಟ್ರೇಟ್, ಅದೇ ನಾಲ್ಕನೆಯ ಕಾಲು. ಬಿಲ್ಲೆಯನ್ನು ಮಂಡಲದ ಅತ್ಯಂತ ಋಣ ವೋಲ್ಟೇಜಿಗೆ ಕಟ್ಟಿದ್ದರೆ ಮಾತ್ರ ಪ್ರತಿಯೊಂದು ದ್ವೀಪದ ಅಡಿಯ ಡಯೋಡೂ ಹಿಮ್ಮುಖವಾಗಿದ್ದು ಬೇಲಿಯ ಕೆಲಸ ಮಾಡುತ್ತದೆ. ಆಗಲೂ ಅದು ನಿರ್ಲಿಪ್ತವಲ್ಲ. ಟ್ರಾನ್ಸಿಸ್ಟರು ಸ್ಯಾಚುರೇಷನ್ನಿಗೆ ಇಳಿದೊಡನೆ ಬೇಸು, ಕಲೆಕ್ಟರು, ಬಿಲ್ಲೆ ಈ ಮೂರೂ ಸೇರಿ ನಾವು ಬಯಸದ ಒಂದು ಪಿಎನ್‌ಪಿ ಟ್ರಾನ್ಸಿಸ್ಟರಾಗಿ ಎಚ್ಚೆತ್ತು, ಬೇಸಿಗೆ ಕೊಟ್ಟ ಪ್ರವಾಹದ ಒಂದು ಪಾಲನ್ನು ನೆಲಕ್ಕೆ ಹರಿಸಿಬಿಡುತ್ತದೆ.

ಇದು ಕೇವಲ ಪುಸ್ತಕದ ಸೂಕ್ಷ್ಮವಲ್ಲ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಎಲ್‌ಎಂ358ರಂತಹ ಐಸಿಯುಳ್ಳ ಬೋರ್ಡೊಂದಿದೆಯೆನ್ನಿ. ರಿಲೇ ಬಿಡುವ ಕ್ಷಣದಲ್ಲಿ ಉದ್ದನೆಯ ವೈರಿನ ಮೇಲೆ ಹುಟ್ಟುವ ಋಣ ತುಡಿತವು ಇನ್‌ಪುಟ್ ಕಾಲನ್ನು ಗ್ರೌಂಡಿಗಿಂತ 0.3 ವೋಲ್ಟಿಗೂ ಹೆಚ್ಚು ಕೆಳಕ್ಕೆಳೆದರೆ, ಬೇಲಿಯಾಗಬೇಕಿದ್ದ ಡಯೋಡೇ ದಾರಿ ಬಿಟ್ಟು, ಬಿಲ್ಲೆಗೆ ಇಳಿದ ಎಲೆಕ್ಟ್ರಾನುಗಳನ್ನು ನೆರೆಯ ದ್ವೀಪ ಹೀರಿ, ಔಟ್‌ಪುಟ್ ಅಕಾರಣವಾಗಿ ಒಂದು ತುದಿಗೆ ಸರಿಯಬಹುದು. ಮೇಲಾಗಿ, ನೆರಳಿನಲ್ಲೇ 40 ಡಿಗ್ರಿ ದಾಟುವ ಈ ಸೀಮೆಯ ಬೇಸಗೆಯಲ್ಲಿ, ಬಿಸಿಲಿಗೆ ಕಾದ ಕಬ್ಬಿಣದ ಪೆಟ್ಟಿಗೆಯೊಳಗೆ, ಸುಮಾರು ಪ್ರತಿ 10 ಡಿಗ್ರಿಗೂ ಇಮ್ಮಡಿಯಾಗುವ ಸಬ್‌ಸ್ಟ್ರೇಟಿನ ಸೋರುಪ್ರವಾಹ ಅಲಕ್ಷ್ಯಕ್ಕೆ ಯೋಗ್ಯವೆಂದು ಹೇಗೆ ಹೇಳೋಣ?

ಬರ್ಕ್ಲಿ ವಿಶ್ವವಿದ್ಯಾಲಯದಿಂದ 1973ರಲ್ಲಿ ಹೊರಬಂದ, ಮಂಡಲಗಳ ನಡವಳಿಕೆಯನ್ನು ಗಣಕದಲ್ಲಿ ಲೆಕ್ಕಹಾಕುವ ಸ್ಪೈಸ್ ತಂತ್ರಾಂಶ ಸರ್ವಥಾ ಪ್ರಶಂಸಾರ್ಹ. ಆದರೂ ಮೂರು ಕಾಲಿನ ಚಿತ್ರದ ಈ ರೂಢಿಯನ್ನು ಅದು ಗಟ್ಟಿಗೊಳಿಸಿದೆ. ಅದರಲ್ಲಿ ಟ್ರಾನ್ಸಿಸ್ಟರಿನ ನಾಲ್ಕನೆಯ ನೋಡ್ ಐಚ್ಛಿಕ: ಬರೆಯದಿದ್ದರೆ ಗ್ರೌಂಡಿಗೆ ಸೇರಿದೆಯೆಂದು ತಾನೇ ಭಾವಿಸಿಕೊಳ್ಳುತ್ತದೆ, ಸಬ್‌ಸ್ಟ್ರೇಟಿನ ಧಾರಕತೆಯನ್ನೂ ಕೊಡದಿದ್ದರೆ ಸೊನ್ನೆಯೆಂದು ಹಿಡಿಯುತ್ತದೆ. +15, -15 ವೋಲ್ಟುಗಳ ನಡುವೆ ದುಡಿಯುವ ಆಪ್‌ಆಂಪಿನ ಬಿಲ್ಲೆ ನಿಜವಾಗಿ ಕುಳಿತಿರುವುದು -15ರಲ್ಲಿ. ಸ್ಪೈಸಿನ ಹಳೆಯ ಮಾದರಿಯಲ್ಲಿ ಸಬ್‌ಸ್ಟ್ರೇಟಿನ ಸಂಧಿಗೆ ಧಾರಕತೆಯಲ್ಲದೆ ಡಯೋಡಿನ ನಡವಳಿಕೆಯೇ ಇಲ್ಲವಾದಕಾರಣ, ತಪ್ಪು ಜೋಡಣೆಯಾದರೂ ಉತ್ತರ ಮಾತ್ರ ನಿರಾತಂಕವಾಗಿ ಮುದ್ರಿತವಾಗುತ್ತದೆ. ವಿದ್ಯಾರ್ಥಿಗೆ ಎಚ್ಚರಿಕೆ ಸಿಕ್ಕಬೇಕಾದ ಜಾಗದಲ್ಲಿ ಮೌನ ಸಿಕ್ಕುವುದು ಬೋಧನಸಾಧನಕ್ಕೆ ಸಣ್ಣ ಕುಂದಲ್ಲ.

ಆರ್‌ಸಿಎ ಕಂಪನಿಯ ಸಿಎ3046 ಎಂಬ ಐದು ಟ್ರಾನ್ಸಿಸ್ಟರುಗಳ ಐಸಿಯನ್ನು ನಾನು ಈ ವಿಷಯದ ಅತ್ಯುತ್ತಮ ಪಾಠವೆಂದು ಎಣಿಸುತ್ತೇನೆ. ಅದರ 13ನೆಯ ಕಾಲು ಐದನೆಯ ಟ್ರಾನ್ಸಿಸ್ಟರಿನ ಎಮಿಟರೂ ಹೌದು, ಸಬ್‌ಸ್ಟ್ರೇಟೂ ಹೌದು. ಕರೆಂಟು ಕೊಡದೆಯೇ ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ, ಕೆಂಪು ತುದಿಯನ್ನು 13ನೆಯ ಕಾಲಿಗಿಟ್ಟು ಕಪ್ಪು ತುದಿಯನ್ನು ಅನುಕ್ರಮವಾಗಿ 1, 5, 8, 11ನೆಯ ಕಾಲುಗಳಿಗೆ, ಎಂದರೆ ನಾಲ್ಕು ಕಲೆಕ್ಟರುಗಳಿಗೆ, ಮುಟ್ಟಿಸಿದರೆ ಪ್ರತಿಸಲವೂ ಸುಮಾರು 0.6 ಅಥವಾ 0.7 ವೋಲ್ಟು ಕಾಣುತ್ತದೆ. ಸಂಕೇತದಲ್ಲಿ ಎಲ್ಲಿಯೂ ಬರೆಯದ ಡಯೋಡುಗಳು ಹೀಗೆ ಕಣ್ಣೆದುರು ನಿಲ್ಲುತ್ತವೆ.

ಸಬ್‌ಸ್ಟ್ರೇಟನ್ನು ಉಪದ್ರವವೆಂದಷ್ಟೇ ಕಲಿಸುವುದೂ ಅರ್ಧಸತ್ಯವೇ. ಬೆಂಗಳೂರಿನ ಚಿಪ್ ವಿನ್ಯಾಸ ಕಚೇರಿಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಸೀಮಾಸ್ ಚಿಪ್ಪುಗಳಲ್ಲಿ ಸುಮಾರು 1.2 ವೋಲ್ಟಿನ ಬ್ಯಾಂಡ್‌ಗ್ಯಾಪ್ ಆಧಾರಮಂಡಲವನ್ನು ರಚಿಸುವಾಗ ಬಹುಮಟ್ಟಿಗೆ ಆಶ್ರಯಿಸುವುದು, ಬಿಲ್ಲೆಯನ್ನೇ ಕಲೆಕ್ಟರಾಗಿ ಉಳ್ಳ ಪಿಎನ್‌ಪಿಯನ್ನು. ಅದರ ಕಲೆಕ್ಟರನ್ನು ಗ್ರೌಂಡಿನಿಂದ ಬಿಡಿಸಿ ಅಲ್ಲೊಂದು ರೆಸಿಸ್ಟರು ಇಡಲು ಬರುವಂತಿಲ್ಲ; ಮೂರು ಕಾಲಿನ ಚಿತ್ರಕ್ಕೆ ಒಗ್ಗಿದ ಕೈ ಅಲ್ಲಿಯೇ ರೆಸಿಸ್ಟರು ಬರೆಯಹೋಗುತ್ತದೆ, ಬಿಲ್ಲೆಯನ್ನು ಬಲ್ಲ ಕೈ ಎಮಿಟರಿನ ಕಡೆಯಿಂದಲೇ ಪ್ರವಾಹವನ್ನು ಹಿಡಿದು ಮಂಡಲವನ್ನು ಕಟ್ಟುತ್ತದೆ.