ಒಳ್ಳೆಯ ತೋಳು ಒಂಬತ್ತನೇ ಇನಿಂಗ್ಸ್‌ವರೆಗೆ ಕಾಯಬೇಕೆ?

ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ಕರೆಸಿಕೊಂಡ ಆಟಗಾರ ಆ ಪಂದ್ಯದಲ್ಲಿ ಮತ್ತೆ ಇಳಿಯುವಂತಿಲ್ಲ. ಟಿ20 ನಾಯಕನೊಬ್ಬ ತನ್ನ ಅತ್ಯುತ್ತಮ ಬೌಲರ್‌ಗೆ ಮೊದಲು ಎರಡು ಓವರ್ ಕೊಟ್ಟು, ಉಳಿದೆರಡನ್ನು ಕೊನೆಗೆ ಎತ್ತಿಟ್ಟುಕೊಳ್ಳಬಹುದು. ಬೇಸ್‌ಬಾಲ್ ಮ್ಯಾನೇಜರ್‌ಗೆ ಆ ಅನುಕೂಲವಿಲ್ಲ. ಆರಂಭದ ಪಿಚರ್ (ಚೆಂಡೆಸೆಯುವವ) ದಣಿದ ಮೇಲೆ, ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಿಂದ ಯಾರನ್ನು, ಯಾವ ಗಳಿಗೆಯಲ್ಲಿ ಕರೆಯಬೇಕು ಎಂಬ ತೀರ್ಮಾನವನ್ನು ಅವನು ಹಿಂದಕ್ಕೆ ಪಡೆಯಲಾರ. ಆ ತೀರ್ಮಾನದ ಭಾರವನ್ನು ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ನಷ್ಟು ಚೆನ್ನಾಗಿ ಮನಗಾಣಿಸುವ ಕಂಪ್ಯೂಟರ್ ಆಟ ನಾನು ಇನ್ನೊಂದನ್ನು ಕಂಡಿಲ್ಲ.

ಜರ್ಮನಿಯ ಮಾರ್ಕುಸ್ ಹೈನ್ಸೋನ್ 1999ರಲ್ಲಿ ಹೊರತಂದ ಆಟವಿದು. ಅಲ್ಲಿಂದೀಚೆಗೆ ಹೊಸ ಹೊಸ ಆವೃತ್ತಿಗಳು ಬರುತ್ತಲೇ ಇವೆ. ಇಲ್ಲಿ ಚೆಂಡೆಸೆಯಲು ಗುಂಡಿ ಒತ್ತುವ ಕೈಚಳಕ ಬೇಕಿಲ್ಲ. ನೀವು ಮ್ಯಾನೇಜರ್; ಎಸೆತದ ಫಲವನ್ನು ಗಣಿತ ನಿರ್ಧರಿಸುತ್ತದೆ. ಬುಲ್‌ಪೆನ್‌ನ ಒಬ್ಬೊಬ್ಬ ರಿಲೀಫ್ (ಬದಲಿ) ಪಿಚರ್‌ಗೂ ಒಂದು ಪಾತ್ರ ಹಂಚಬೇಕು: ಕ್ಲೋಸರ್, ಸೆಟಪ್, ಮಿಡಲ್ ರಿಲೀಫ್, ಲಾಂಗ್ ರಿಲೀಫ್, ಸ್ಟಾಪರ್ ಹೀಗೆ. ಮೇಲ್ನೋಟಕ್ಕೆ ಗುಮಾಸ್ತಿಕೆಯಂತೆ ಕಾಣುವ ಈ ಹಂಚಿಕೆಯೊಳಗೆ ಬೇಸ್‌ಬಾಲ್‌ನ ಅರ್ಧ ಶತಮಾನದ ಜಗಳವೊಂದು ಅಡಗಿದೆ: ಅತ್ಯುತ್ತಮ ರಿಲೀಫ್ ಪಿಚರ್ ಕೊನೆಗೆ ಕಾಯಬೇಕೆ, ಸಂಕಟ ಬಂದಾಗಲೇ ಇಳಿಯಬೇಕೆ?

ಷಿಕಾಗೋದ ಕ್ರೀಡಾ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ರೂಪಿಸಿದ ‘ಸೇವ್’ ಎಂಬ ಲೆಕ್ಕ 1969ರಲ್ಲಿ ಅಧಿಕೃತವಾಯಿತು. ತಂಡ ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಮುಂದಿದ್ದಾಗ ಬಂದು, ಕೊನೆಯ ಇನಿಂಗ್ಸ್ ಎಸೆದು ಗೆಲುವನ್ನು ಕಾಪಾಡಿದವನ ಖಾತೆಗೆ ಒಂದು ಸೇವ್. ರಿಲೀಫ್ ಪಿಚರ್‌ಗಳ ದುಡಿಮೆಗೆ ಮನ್ನಣೆ ಸಿಗಲೆಂದು ಹುಟ್ಟಿದ ಈ ಅಂಕಿ ಬರಬರುತ್ತಾ ಅವರನ್ನು ಬಳಸುವ ಬಗೆಯನ್ನೇ ಆಳತೊಡಗಿತು. 1975ರಲ್ಲಿ ರಿಲೀಫ್ ಪಿಚರ್ ಗೂಸ್ ಗಾಸೇಜ್ ಸಂಕಟ ಬಂದಾಗಲೆಲ್ಲ, ಏಳನೇ ಇನಿಂಗ್ಸ್ ಇರಲಿ ಎಂಟನೆಯದಿರಲಿ, ಇಳಿದು ಒಟ್ಟು 141ಕ್ಕೂ ಹೆಚ್ಚು ಇನಿಂಗ್ಸ್ ಎಸೆದಿದ್ದರು. ಮುಂದೆ ಮ್ಯಾನೇಜರ್ ಟೋನಿ ಲಾ ರೂಸಾ ಓಕ್‌ಲ್ಯಾಂಡ್ ತಂಡದಲ್ಲಿ ಡೆನಿಸ್ ಎಕರ್ಸ್ಲಿಯನ್ನು ಬಹುಮಟ್ಟಿಗೆ ಕೊನೆಯದಾದ ಒಂಬತ್ತನೇ ಇನಿಂಗ್ಸ್‌ಗೇ ಮೀಸಲಿಟ್ಟರು. 1990ರಲ್ಲಿ ಎಕರ್ಸ್ಲಿ ಎಸೆದದ್ದು ಸುಮಾರು 73 ಇನಿಂಗ್ಸ್, ಪಡೆದ ಸೇವ್ 48. ಎಕರ್ಸ್ಲಿ ಆ ವರ್ಷ ಅದ್ಭುತವಾಗಿ ಆಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿದ ತಂಡಗಳೂ ಆ ಪದ್ಧತಿಯನ್ನು ಕಣ್ಣುಮುಚ್ಚಿ ಅನುಸರಿಸಿದವು.

ಅದರ ಬೆಲೆ ಏನೆಂದು 2016ರ ಅಕ್ಟೋಬರ್ 4ರಂದು ಟೊರೊಂಟೊದಲ್ಲಿ ಗೊತ್ತಾಯಿತು. ಬಾಲ್ಟಿಮೋರ್‌ನ ಜ್ಯಾಕ್ ಬ್ರಿಟನ್ ಆ ಋತುವಿನಲ್ಲಿ 47 ಸೇವ್ ಅವಕಾಶಗಳಲ್ಲಿ 47ನ್ನೂ ಉಳಿಸಿಕೊಂಡಿದ್ದರು. ಸೋತರೆ ಮನೆಗೆ ಹೋಗಬೇಕಾದ ಪಂದ್ಯ, ಸ್ಕೋರ್ 2-2ರಲ್ಲಿ ಸಮ. ಮ್ಯಾನೇಜರ್ ಬಕ್ ಷೋವಾಲ್ಟರ್ ಒಬ್ಬರಾದ ಮೇಲೊಬ್ಬರನ್ನು ಇಳಿಸಿದರು. ತಂಡ ಮುಂದಿಲ್ಲದಾಗ ಸೇವ್ ಇಲ್ಲವಲ್ಲ, ಬ್ರಿಟನ್‌ರನ್ನು ಮಾತ್ರ ಕರೆಯಲಿಲ್ಲ. ಹನ್ನೊಂದನೇ ಇನಿಂಗ್ಸ್‌ನಲ್ಲಿ ಉಬಾಲ್ಡೊ ಹಿಮೆನೆಸ್ ಎಸೆತವನ್ನು ಎಡ್ವಿನ್ ಎನ್ಕಾರ್ನಾಸಿಯೋನ್ ಮೂರು ರನ್‌ಗಳ ಹೋಮ್ ರನ್ ಆಗಿಸಿದರು. ತಂಡದ ಅತ್ಯುತ್ತಮ ತೋಳು ಒಂದು ಚೆಂಡನ್ನೂ ಎಸೆಯದೆ ಬಾಲ್ಟಿಮೋರ್‌ನ ವರ್ಷ ಮುಗಿಯಿತು. ಅದೇ ತಿಂಗಳು ಕ್ಲೀವ್‌ಲ್ಯಾಂಡ್‌ನ ಮ್ಯಾನೇಜರ್ ಟೆರಿ ಫ್ರಾಂಕೋನಾ, ರಿಲೀಫ್ ಪಿಚರ್ ಆಂಡ್ರೂ ಮಿಲ್ಲರ್‌ರನ್ನು ಐದನೇ ಇನಿಂಗ್ಸ್‌ನಿಂದಲೇ ಇಳಿಸಿ ವಿಶ್ವ ಸರಣಿಯ ತನಕ ನಡೆದರು.

ಈ ಎರಡೂ ದಾರಿಗಳನ್ನು ಆಟ ನಿಮ್ಮ ಮುಂದಿಡುತ್ತದೆ. ಒಳ್ಳೆಯ ಪಿಚರ್‌ಗೆ ಕ್ಲೋಸರ್ ಪಟ್ಟ ಕಟ್ಟಿದರೆ ಅವನು ಕೊನೆಯ ಇನಿಂಗ್ಸ್‌ಗೆ ಕಾಯುತ್ತಾನೆ. ಸ್ಟಾಪರ್ ಮಾಡಿದರೆ ಪಂದ್ಯ ತೂಗುಯ್ಯಾಲೆಯಲ್ಲಿರುವಾಗ ಮೊದಲೇ ಬರುತ್ತಾನೆ, ಹೆಚ್ಚು ಎಸೆಯುತ್ತಾನೆ, ನಾಳೆಗೆ ದಣಿದಿರುತ್ತಾನೆ. ಇವತ್ತಿನ ಗೆಲುವಿಗೆ ನಾಳೆಯ ತೋಳನ್ನು ಒತ್ತೆಯಿಡುವ ಈ ಸಂಕಟ 162 ಪಂದ್ಯಗಳ ಋತುವಿನಲ್ಲಿ ದಿನದಿನವೂ ಎದುರಾಗುತ್ತದೆ. ಯಾರನ್ನೂ ಇಳಿಸದೆ ಸುಮ್ಮನಿರುವುದೂ ಇಲ್ಲಿ ಒಂದು ನಿರ್ಧಾರವೇ. ಟಿವಿಯಲ್ಲಿ ಎಷ್ಟು ಪಂದ್ಯ ನೋಡಿದರೂ ಈ ತಿಳಿವಳಿಕೆ ಇಷ್ಟು ಗಟ್ಟಿಯಾಗಿ ಕೂರುವುದಿಲ್ಲ. ಹಳೆಯ ಋತುಗಳನ್ನೂ ಆಡಬಹುದಾದ್ದರಿಂದ, ರಿಲೀಫ್ ಪಿಚರ್‌ಗಳೇ ಅಪರೂಪವಾಗಿದ್ದ ಕಾಲದಿಂದ ಇಂದಿನವರೆಗೆ ಪದ್ಧತಿ ಬದಲಾದ ರೀತಿಯೂ ಕೈಗೆ ತಾಗುತ್ತದೆ.

ಕೊರತೆಯೂ ಇದೆ, ಸಣ್ಣದಲ್ಲ. ನಿಜವಾದ ಮ್ಯಾನೇಜರ್ ಬುಲ್‌ಪೆನ್‌ಗೆ ಫೋನ್ ಮಾಡಿ, ಇವತ್ತು ಅವನ ಚೆಂಡು ಹೇಗೆ ತಿರುಗುತ್ತಿದೆ ಎಂದು ಕೇಳುತ್ತಾನೆ. ಆಚೆ ಕಡೆಯ ಕೋಚ್ ಅರೆಕ್ಷಣ ತಡೆದು ಉತ್ತರಿಸಿದರೂ ಸಾಕು, ತೀರ್ಮಾನ ಬದಲಾಗಬಹುದು. ಆಟದ ಪರದೆ ನನಗೆ ಅಂಕಿಗಳನ್ನು ತೋರಿಸುತ್ತದೆ. ಆ ಹಿಂಜರಿಕೆಯನ್ನು ಕೇಳಿಸುವುದಿಲ್ಲ. ಕೆಟ್ಟ ಸೋಲಿನ ಮರುದಿನ ಅದೇ ಪಿಚರ್‌ನನ್ನು ಅದೇ ಬ್ಯಾಟರ್ ಎದುರು ನಿಲ್ಲಿಸುವಾಗ ಮನುಷ್ಯನೊಬ್ಬನ ಮುಖ ನೋಡಬೇಕಾದ ಕಷ್ಟವೂ ಇಲ್ಲಿಲ್ಲ. ಮನೋಬಲಕ್ಕೂ ಆಟದಲ್ಲಿ ಲೆಕ್ಕವಿದೆ, ನಿಜ. ಆದರೆ ಅಂಕಿ ಇಳಿದದ್ದನ್ನು ನೋಡುವುದಕ್ಕೂ ಅವಮಾನಗೊಂಡವನ ಜೊತೆ ಮಾತಾಡುವುದಕ್ಕೂ ಬಹಳ ಅಂತರವಿದೆ. ವಾರಗಟ್ಟಲೆ ಪಂದ್ಯಗಳನ್ನು ಕಂಪ್ಯೂಟರ್‌ಗೆ ಬಿಟ್ಟು ಮುಂದಕ್ಕೆ ಓಡಿಸುವ ಸೌಲಭ್ಯವಂತೂ ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ: ತೋಳುಗಳು ಸವೆಯುತ್ತವೆ, ಸವೆದದ್ದು ನಮ್ಮ ಅರಿವಿಗೆ ಬರುವುದಿಲ್ಲ.

ಹಾಗಿದ್ದೂ ಬುಲ್‌ಪೆನ್ ನಿರ್ವಹಣೆಯನ್ನು ಕಲಿಯಲು ಇದಕ್ಕಿಂತ ಉತ್ತಮ ಆಟ ನನಗೆ ಗೊತ್ತಿಲ್ಲ. ಹೊಸದಾಗಿ ಆಡುವವರಿಗೆ ನನ್ನ ಸಲಹೆ ಇಷ್ಟೆ: ಮೊದಲ ಋತುವನ್ನು ಓಡಿಸಬೇಡಿ, ಒಂದೊಂದು ಪಂದ್ಯವನ್ನೂ ಕೂತು ಆಡಿ. ನಿಮ್ಮ ಅತ್ಯುತ್ತಮ ರಿಲೀಫ್ ಪಿಚರ್‌ಗೆ ಸ್ಟಾಪರ್ ಪಾತ್ರ ಕೊಡಿ.