ಅಕ್ಕಿಆಲೂರಿನ ಹೊನ್ನು: ನಾಣ್ಯವೋ, ಒಡವೆಯೋ?

ಕನ್ನಡ ನಾಡಿನ ಪ್ರಾಚೀನ ವಾಣಿಜ್ಯವನ್ನು ಕುರಿತು ಬರೆಯುವವರು ಯಶವಂತಪುರ, ಚಂದ್ರವಳ್ಳಿ, ಅಕ್ಕಿಆಲೂರುಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸಿ, ರೋಮಿನೊಡನೆ ನಮಗೆ ವಿಪುಲವಾದ ವ್ಯಾಪಾರವಿದ್ದಿತೆಂದು ಮುಗಿಸುವುದು ವಾಡಿಕೆಯಾಗಿದೆ. ಪಾಠ ಹೇಳುವವರಿಗೆ ಇದು ಅನುಕೂಲವಾದ ವಾಕ್ಯ. ಆದರೆ ಇದರ ಮೊದಲ ಎರಡು ಹೆಸರುಗಳಿಗೂ ಕಡೆಯದಕ್ಕೂ ನಡುವೆ ಕೆಲವು ಶತಮಾನಗಳ ಅಂತರವಿದೆ, ಲೋಹದಲ್ಲಿಯೂ ಭೇದವಿದೆ. ಇವನ್ನು ಒಂದೇ ಸಾಕ್ಷ್ಯವಾಗಿ ಎಣಿಸುವುದು ಯುಕ್ತವೆಂದು ನಮಗೆ ತೋರುವುದಿಲ್ಲ.

ಯಶವಂತಪುರದಲ್ಲಿ 1891ರಲ್ಲಿ ದೊರೆತ 163 ನಾಣ್ಯಗಳೂ, ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ 1965ರಲ್ಲಿ ದೊರೆತ 256 ನಾಣ್ಯಗಳೂ ಬೆಳ್ಳಿಯ ದಿನಾರಿಯಸ್‌ಗಳು. ಆಗಸ್ಟಸ್, ಟೈಬೀರಿಯಸ್ ಮೊದಲಾದ ಮೊದಲನೆಯ ಶತಮಾನದ ಚಕ್ರವರ್ತಿಗಳವು. ಇವು ಹಣವಾಗಿಯೇ ಬಂದವೆಂಬುದರಲ್ಲಿ ವಿವಾದಕ್ಕೆ ಹೆಚ್ಚು ಅವಕಾಶವಿಲ್ಲ.

ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನ ನಿಧಿಯ ವಿಷಯ ಬೇರೆ. ಅಲ್ಲಿ ದೊರೆತವು 46 ಚಿನ್ನದ ನಾಣ್ಯಗಳು. ಇಮ್ಮಡಿ ಥಿಯೊಡೋಸಿಯಸ್ (408–450) ಮೊದಲ್ಗೊಂಡು ಮೊದಲನೆಯ ಜಸ್ಟಿನ್ (518–527) ವರೆಗಿನ ಅರಸರ ಮುದ್ರೆಗಳು ಇವುಗಳಲ್ಲಿವೆ. ಪಶ್ಚಿಮದಲ್ಲಿ ರೋಮಿನ ಸಾಮ್ರಾಜ್ಯ 476ರಲ್ಲಿಯೇ ಮುಗಿದಿದ್ದಿತಾದ ಕಾರಣ, ಇಲ್ಲಿ ರೋಮ್ ಎಂದರೆ ಕಾನ್‌ಸ್ಟಾಂಟಿನೋಪಲ್ ಎಂದೇ ತಿಳಿಯತಕ್ಕದ್ದು. ಇತ್ತ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ ಕಾಲವದು. ಅಕ್ಕಿಆಲೂರು ಆ ರಾಜಧಾನಿಗೆ ದೂರವಾದ ಊರಲ್ಲ.

ಈ ನಾಣ್ಯಗಳ ಪೈಕಿ ಬಹುಪಾಲಿಗೆ ತೂತುಗಳಿವೆ. ಅವೂ ಎಲ್ಲಿಯೋ ಕೊರೆದವಲ್ಲ; ಚಕ್ರವರ್ತಿಯ ಮುಖದ ಮೇಲ್ಗಡೆ ಎರಡೆರಡಾಗಿ ಕೊರೆದವು. ಒಂದೇ ತೂತಿದ್ದರೆ ದಾರದಲ್ಲಿ ನಾಣ್ಯ ತಿರುಗಿಬಿಡುತ್ತದೆ. ಎರಡಿದ್ದರೆ ಮುಖ ಸದಾ ಮುಂದಕ್ಕೇ ನಿಲ್ಲುತ್ತದೆ. ಕೊರೆದವನಿಗೆ ಆ ಮುಖ ಯಾರದೆಂಬುದು ಬೇಕಾಗಿರಲಿಲ್ಲ, ಅದು ನೆಟ್ಟಗೆ ಕಾಣುವುದು ಬೇಕಾಗಿದ್ದಿತು. ಮದ್ದೂರು, ಮಳವಳ್ಳಿ ಸೀಮೆಯ ಮದುವೆಮನೆಗಳಲ್ಲಿ ಕಾಸಿನ ಸರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಪವನಿನ ಮೇಲಿದ್ದ ಇಂಗ್ಲೆಂಡಿನ ದೊರೆಯ ಹೆಸರನ್ನು ಕೊರಳಿಗೆ ಧರಿಸಿದವರಲ್ಲಿ ಎಷ್ಟು ಮಂದಿ ಓದಿದ್ದಾರು?

ತೂತು ಬಿದ್ದರೂ ಚಿನ್ನ ಚಿನ್ನವೇ, ತೂಕಕ್ಕೆ ಸಲ್ಲುತ್ತದೆಯಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಬಲವಾದುದೇ. ಸಾಲಿಡಸ್ ಎಂಬ ಈ ನಾಣ್ಯ ಸುಮಾರು ನಾಲ್ಕೂವರೆ ಗ್ರಾಂ ತೂಗುವ ಉತ್ತಮ ಚಿನ್ನ. ಆದರೆ ಈ ನಿಧಿಯಲ್ಲಿ ಅಸಲಿನ ಜೊತೆಗೆ ಅನುಕರಣಗಳೂ ಸೇರಿವೆ. ಬರಿಯ ತೂಕವೇ ಬೇಕಾಗಿದ್ದರೆ ಚಿನ್ನದ ತುಂಡಿಗೆ ಪರದೇಶದ ಅರಸನ ಮುಖವನ್ನು ಒತ್ತುವ ಶ್ರಮವೇಕೆ? ಇಂತಹ ಅನುಕರಣಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರಿಯ ಗೆರೆಗಳಾಗಿ ಕೆಡುವುದುಂಟು. ಗೊತ್ತಿಲ್ಲದ ಲಿಪಿಯ ಓಲೆಯನ್ನು ಪ್ರತಿಮಾಡುವ ಲಿಪಿಕಾರನ ಕೈಬರಹವನ್ನು ನೋಡಿದವರು ಈ ದೋಷವನ್ನು ಕೂಡಲೆ ಗುರುತಿಸುವರು. ಗ್ರಂಥಸಂಪಾದನೆಯಲ್ಲಿ ಪಾಠದ ಕೇಡು ಪ್ರತಿಕಾರನ ದೇಶಕಾಲಗಳನ್ನು ಸೂಚಿಸುವಂತೆ, ಇಲ್ಲಿಯೂ ಅಕ್ಷರದ ಕೇಡು ಅಕ್ಕಸಾಲೆಯ ಅಭಿರುಚಿಯನ್ನು ಸೂಚಿಸುತ್ತದೆ.

ಆರನೆಯ ಶತಮಾನದ ಕಾಸ್ಮಾಸ್ ಎಂಬ ಗ್ರೀಕ್ ಗ್ರಂಥಕಾರನು, ಎಲ್ಲ ಜನಾಂಗಗಳೂ ರೋಮಿನ ನಾಣ್ಯದಿಂದಲೇ ವ್ಯಾಪಾರ ಮಾಡುವುವೆಂದು ಹೆಮ್ಮೆಪಟ್ಟಿರುವನು. ಸಿಂಹಳದ್ವೀಪದ ಅರಸನ ಮುಂದೆ ರೋಮಿನ ಚಿನ್ನದ ನಾಣ್ಯವನ್ನೂ ಪಾರಸಿಕರ ಬೆಳ್ಳಿಯ ನಾಣ್ಯವನ್ನೂ ಹೋಲಿಸಿದ ಕಥೆ ಅವನದೇ. ನಮ್ಮವರು ಈ ಮಾತನ್ನು ಸಂತೋಷದಿಂದ ಉದ್ಧರಿಸುವರು. ಸ್ವದೇಶಾಭಿಮಾನಿಯಾದ ಒಬ್ಬನ ಹೊಗಳಿಕೆಗಿಂತ ಅಕ್ಕಿಆಲೂರಿನ ಆ ಜೋಡಿ ತೂತುಗಳು ಹೆಚ್ಚು ನಂಬತಕ್ಕ ಸಾಕ್ಷಿಗಳೆಂದು ನಮ್ಮ ಅಭಿಪ್ರಾಯ.

ಹೀಗೆಂದರೆ ವ್ಯಾಪಾರವೇ ಇರಲಿಲ್ಲವೆಂದಲ್ಲ. ಚಿನ್ನ ಹೇಗೋ ಕಡಲು ದಾಟಿ ಬಂದೇ ಬಂದಿತು. ಆದರೆ ಕದಂಬರ ನಾಡನ್ನು ರೋಮಿನ ಹಣ ಚಲಾವಣೆಯಾದ ಸಂತೆಯೆಂದು ಬಣ್ಣಿಸುವುದಕ್ಕೂ, ಬಂದ ಹಣವನ್ನು ತನಗೆ ಬೇಕಾದ ಒಡವೆಯಾಗಿ ಮಾಡಿಕೊಂಡ ನಾಡೆಂದು ತಿಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕರ್ತೃ ರೋಮ್. ಎರಡನೆಯದರಲ್ಲಿ ನಮ್ಮ ಅಕ್ಕಸಾಲೆ.

ಭಾಷೆಯ ಅಧ್ಯಾಪಕರು ಇಲ್ಲಿ ಇನ್ನೊಂದನ್ನು ಗಮನಿಸಬಹುದು. ದಿನಾರಿಯಸ್ ರೋಮಿನಲ್ಲಿ ಬೆಳ್ಳಿ. ಅದೇ ಶಬ್ದ ‘ದೀನಾರ’ವಾಗಿ ಗುಪ್ತರ ಶಾಸನಗಳಲ್ಲಿ ಚಿನ್ನದ ನಾಣ್ಯಕ್ಕೆ ಹೆಸರಾಯಿತು. ‘ನಿಷ್ಕ’ವಾದರೋ ವೇದದಲ್ಲಿ ಕೊರಳ ಆಭರಣ, ಅನಂತರ ನಾಣ್ಯ. ಶಬ್ದವು ಕೊರಳಿನಿಂದ ಚೀಲಕ್ಕೆ ಇಳಿಯಿತು. ಅಕ್ಕಿಆಲೂರಿನ ಹೊನ್ನು ಚೀಲದಿಂದ ಕೊರಳಿಗೆ ಏರಿತು.